ಕಥೆಗೆ ಹೂಂ ಅನ್ನೋರು ಬೇಕು

"ಈಗಿನ ಮಕ್ಕಳಿಗೆ ಕಥೆ ಹೇಳೋರೇ ಇಲ್ಲ" ಅನ್ನೋ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನು ಒಪ್ಪುವುದಿಲ್ಲ. ಹೇಳುವವರು ಬೇಕಾದಷ್ಟಿದ್ದಾರೆ, ಯೂಟ್ಯೂಬ್ ತುಂಬಾ ಅವರೇ. ಕಡಿಮೆಯಾಗಿರುವುದು ಹೂಂಗುಟ್ಟುವವರು.

ನಮ್ಮ ಕಡೆ ಅಜ್ಜಿಯರದು ಒಂದೇ ಷರತ್ತು: ಕಥೆ ಬೇಕಾದರೆ ಹೂಂ ಅನ್ನಬೇಕು. "ಒಂದೂರಲ್ಲಿ ಒಬ್ಬ ರಾಜ ಇದ್ದ." ಹೂಂ. "ಅವನಿಗೆ ಇಬ್ಬರು ಹೆಂಡ್ತೀರು." ಹೂಂ. ಹೂಂ ಎಳೆಯತೊಡಗಿದರೆ ನಿದ್ದೆ ಬಂತು ಅಂತ ಲೆಕ್ಕ. ರಾಜಕುಮಾರನ ಮದುವೆ ಅಲ್ಲಿಗೇ ನಾಳೆಗೆ ಮುಂದೂಡಿಕೆ. ಹೂಂ ಜೋರಾದರೆ ಕಾಡಿಗೆ ಇನ್ನೊಂದು ಹುಲಿ ಬರುತ್ತಿತ್ತು. ಕಥೆ ಎಷ್ಟುದ್ದ ಇರಬೇಕು ಅಂತ ಅರ್ಧ ತೀರ್ಮಾನ ಮಗುವಿನದೇ.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ರಾಜಸ್ಥಾನದಲ್ಲಿ ಕಥೆ ಹೇಳುವವನ ಎದುರು 'ಹುಂಕಾರೋ' ಕೊಡಲು ಒಬ್ಬ ಕೂರುತ್ತಾನೆ. ಕಥೆಗೆ ಹುಂಕಾರೋ, ಫೌಜಿಗೆ ನಗಾರಿ ಅಂತ ಅಲ್ಲಿ ಗಾದೆಯೇ ಇದೆ. ಮಾಲಿ ದೇಶದಲ್ಲಿ ಗ್ರಿಯೋ ಅನ್ನೋ ಪರಂಪರೆಯ ಕಥೆಗಾರರು 13ನೇ ಶತಮಾನದ ಸುಂಜಾತ ರಾಜನ ಕಥೆ ಹೇಳುವಾಗ, ಸಾಲುಸಾಲಿಗೂ 'ನಾಮು' ಅನ್ನುವವನೊಬ್ಬ ಜೊತೆಗಿರುತ್ತಾನೆ. ಹೈಟಿಯಲ್ಲಂತೂ ಕಥೆಗಾರ 'ಕ್ರಿಕ್?' ಅಂತ ಕೂಗುತ್ತಾನೆ, ಜನ 'ಕ್ರಾಕ್!' ಅನ್ನಬೇಕು. ಅನ್ನಲಿಲ್ಲವೋ, ಕಥೆಯೂ ಇಲ್ಲ.

ಕೇಳುವವರೇ ಇಲ್ಲದಿದ್ದರೆ? ಅದಕ್ಕೂ ಕಥೆ ಇದೆ. ಎ.ಕೆ. ರಾಮಾನುಜನ್ ಸಂಗ್ರಹದಲ್ಲಿರುವ ತಮಿಳು ಕಥೆ. ಒಬ್ಬ ಬಡ ವಿಧವೆ. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ನಾಲ್ವರಿಂದಲೂ ಬೈಗುಳ. ಹೇಳಿಕೊಳ್ಳೋಣ ಅಂದರೆ ಯಾರೂ ಇಲ್ಲ. ದುಃಖ ಒಳಗೇ ಉಳಿದು ದಿನೇ ದಿನೇ ದಪ್ಪಗಾಗುತ್ತಾಳೆ. ಅದಕ್ಕೂ ಮನೆಯವರ ಗೇಲಿ. ಒಂದು ದಿನ ಊರಾಚೆಯ ಹಾಳು ಮನೆಗೆ ಹೋಗಿ, ಒಬ್ಬ ಮಗನ ಮೇಲಿನ ದೂರನ್ನು ಒಂದು ಗೋಡೆಗೆ ಹೇಳುತ್ತಾಳೆ. ಗೋಡೆ ಕುಸಿಯುತ್ತದೆ. ಸೊಸೆಯ ದೂರಿಗೆ ಇನ್ನೊಂದು ಗೋಡೆ. ಹೀಗೆ ನಾಲ್ಕೂ ಬಿದ್ದಾಗ ಮೈ ಹಗುರ. ಹಾಯಾಗಿ ಮನೆಗೆ ನಡೆಯುತ್ತಾಳೆ. ಮನೆಯವರು ಬದಲಾದರು ಅಂತ ಕಥೆ ಹೇಳುವುದೇ ಇಲ್ಲ, ನೋಡಿ. ಅದೇ ನನಗೆ ತುಂಬಾ ಇಷ್ಟ.

ಕೇಳಿಸಿಕೊಳ್ಳುವುದು ಜೀವ ಉಳಿಸಿದ್ದೂ ಉಂಟು. ಇಂಡೋನೇಷ್ಯಾದ ಸಿಮೆಲುವೆ ದ್ವೀಪಕ್ಕೆ 1907ರಲ್ಲಿ ದೊಡ್ಡ ಸುನಾಮಿ ಬಂದಿತ್ತು. ಅದು ಅಲ್ಲಿನವರ ಬಾಯಲ್ಲಿ 'ಸ್ಮಾಂಗ್' ಕಥೆಯಾಗಿ ಉಳಿಯಿತು: ನೆಲ ಜೋರಾಗಿ ನಡುಗಿ ಸಮುದ್ರ ಹಿಂದಕ್ಕೆ ಸರಿದರೆ, ಗುಡ್ಡಕ್ಕೆ ಓಡು. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರ ಹತ್ತಿರದಲ್ಲೇ ಇತ್ತು. ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ. ಅವತ್ತು ಓಡಿದವರಲ್ಲಿ ಹೆಚ್ಚಿನವರು 1907ರ ಅಲೆ ಕಂಡವರಲ್ಲ, ಬರೀ ಕಥೆ ಕೇಳಿದವರು. ಅಡುಗೂಲಜ್ಜಿ ಕಥೆ ಅಂತ ತಳ್ಳಿಹಾಕಿದ್ದರೆ ಏನಾಗುತ್ತಿತ್ತು?

ಲೈಕ್ ಒತ್ತೋದೂ ಹೂಂ ಅಂದಂಗೇ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ. ಲೈಕ್ ಬರುವುದು ಕಥೆ ಮುಗಿದ ಮೇಲೆ. ಅದರಿಂದ ಒಂದು ಸಾಲೂ ಬದಲಾಗಲ್ಲ. ಮೊಬೈಲ್‌ನ ಕಥೆಯೂ ಹಾಗೇ, ಮಗು ಮಲಗಿ ಎಷ್ಟೋ ಹೊತ್ತಾದರೂ ತನ್ನ ಪಾಡಿಗೆ ಓಡುತ್ತಿರುತ್ತದೆ. ಆಡಿಯೋ ಕಥೆ ಬೇಡ ಅಂತಿಲ್ಲ, ಬಸ್ಸಲ್ಲಿ ನಾನೂ ಕೇಳ್ತೀನಿ. ಆದರೆ ಮಧ್ಯೆ ಬಾಯಿ ಹಾಕೋಕೆ ಆಗಲ್ಲ.

ಬಾಯಿ ಹಾಕಿದರೆ ಏನಾಗುತ್ತೆ ಅಂತ ನನ್ನ ತಂಗಿ ಮಗಳು ತೋರಿಸಿದ್ದಾಳೆ. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಹೇಳುತ್ತಿದ್ದೆ. ಗಿಳಿಯ ಕತ್ತು ಹಿಸುಕುವ ಹೊತ್ತಿಗೆ ಸರಿಯಾಗಿ ಕೇಳಿದಳು: "ದೊಡ್ಡಮ್ಮ, ರಾಕ್ಷಸನಿಗೆ ಅಮ್ಮ ಇಲ್ವಾ?" ಇದ್ದಾಳೆ ಅಂದೆ, ಬೇರೆ ಏನನ್ನಲಿ? ಅವತ್ತಿಂದ ರಾಜಕುಮಾರ ಗಿಳಿ ಹಿಡಿದುಕೊಂಡು ನಿಂತೇ ಇದ್ದಾನೆ. ಕಥೆಯೆಲ್ಲ ರಾಕ್ಷಸನ ಅಮ್ಮಂದು. ದಿನಾ ರಾತ್ರಿ ಅವಳು ಮಗನಿಗೆ ಏನು ಅಡುಗೆ ಮಾಡಿದಳು ಅಂತ ನಾನು ಹೇಳಬೇಕು. ಉಪ್ಪಿಟ್ಟು ಅಂದರೆ ಹೂಂ ಬರಲ್ಲ.