ಅಡಿಕೆ ಮನೆಯ ಯೆಜ್ಡಿ

ಬೈಕಿನ ಇಂಜಿನ್ ಬಿಚ್ಚಿದರೆ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಒಂದಿಷ್ಟು ಗ್ರೀಸು, ಒಂದಿಷ್ಟು ಹೊಗೆ, ಎರಡು ಬೈಗುಳ, ಮುಗಿಯಿತು. ಅದೇ ಬೈಕಿನ ತುಕ್ಕು ತೆಗೆದು ಫಳಫಳ ಮಾಡುತ್ತೇನೆ ಅಂತ ಹೊರಟು ನೋಡಿ. ಅಡುಗೆ ಮನೆ, ಬಚ್ಚಲು ಮನೆ, ಅಡಿಕೆ ಅಂಗಳ, ಎಲ್ಲಾ ಕಡೆಯಿಂದಲೂ ತಕರಾರು ಶುರು. ಯಾಕೆಂದರೆ ಅದಕ್ಕೆ ಬೇಕಾದ ಸಾಮಾನೆಲ್ಲಾ ಇರೋದು ಅಲ್ಲೇ.

ಗಾಡಿ ದೊಡ್ಡಪ್ಪನದು. ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ತಯಾರಾಗುತ್ತಿತ್ತು. 1973ರಲ್ಲಿ ಅದಕ್ಕೆ ಯೆಜ್ಡಿ ಅಂತ ಹೆಸರು ಬಂತು. 1996ರಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ದೊಡ್ಡಪ್ಪನ ಗಾಡಿ ಅದಕ್ಕೂ ಸ್ವಲ್ಪ ಮೊದಲೇ ನಿವೃತ್ತಿ ತಗೊಂಡು, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಕೊಟ್ಟಿಗೆಯಲ್ಲಿ ನಿಂತಿತ್ತು. ಒಂದು ಪಕ್ಕ ಸೌದೆ, ಇನ್ನೊಂದು ಪಕ್ಕ ಎಮ್ಮೆ. ಮೈ ಉಜ್ಜಿಕೊಳ್ಳಲು ಎಮ್ಮೆಗೆ ಹಿಂದಿನ ಮಡ್‌ಗಾರ್ಡು ಬಹಳ ಹಿಡಿಸಿತ್ತು. ಹಾಗಾಗಿ ಇಡೀ ಗಾಡಿಯಲ್ಲಿ ತುಕ್ಕಿಲ್ಲದ ಜಾಗ ಅದೊಂದೇ. ಆಗುಂಬೆ ನಮ್ಮ ತಾಲ್ಲೂಕಿನದೇ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಹೊಯ್ಯುತ್ತದೆ. ನಮ್ಮಲ್ಲಿ ಅಷ್ಟಿಲ್ಲ. ತುಕ್ಕಿಗೆ ಅಷ್ಟೆಲ್ಲಾ ಬೇಕಾಗಿಯೂ ಇಲ್ಲ.

ಮೊದಲು ಹುಳಿಯಿಂದ ಶುರು ಮಾಡಿದೆ. ತುಕ್ಕು ಬಿಡಿಸಲು ಅಂಗಡಿಯಲ್ಲಿ ಫಾಸ್ಫಾರಿಕ್ ಆಸಿಡ್ ಹಾಕಿದ ದ್ರಾವಣ ಸಿಗುತ್ತದೆ. ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಸಿಡ್ ಇದೆ, ಅದೂ ಇದೇ ಕೆಲಸ ಮಾಡುತ್ತದೆ, ನಿಧಾನಕ್ಕೆ. ದೇವರ ದೀಪ ಬೆಳಗೋದಕ್ಕೆ ಅಮ್ಮ ಬಳಸೋದೂ ಅದನ್ನೇ ಅಲ್ವಾ? ನಟ್ಟು, ಬೋಲ್ಟು, ವಾಷರು, ಸ್ಪೋಕ್ ಕಡ್ಡಿ ಎಲ್ಲಾ ಬೇಸಿನ್ನಿಗೆ ಹಾಕಿ ಹುಣಸೆ ನೀರು ಹೊಯ್ದೆ. ಅಮ್ಮ ಬಂದು ಬಗ್ಗಿ ನೋಡಿದರು.

"ಹಳೇ ಹುಣಸೆಹಣ್ಣು ಡಬ್ಬಿಯಲ್ಲಿತ್ತಲ್ಲ ಮಾರಾಯಾ. ಸಾರಿಗಿಟ್ಟಿದ್ದನ್ನೇ ಯಾಕೆ ತೆಗೆದೆ?"

ತಕರಾರು ಇದ್ದದ್ದು ಅಷ್ಟಕ್ಕೇ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ತೆಂಗಿನ ನಾರು ಹಿಡಿದು ಕೂತು ಅರ್ಧ ಬೇಸಿನ್ ಉಜ್ಜಿಯಾಗಿತ್ತು. ನಾನು ವೈರ್ ಬ್ರಷ್ ಹಾಕಿದ ಬೋಲ್ಟಿನಲ್ಲಿ ಥ್ರೆಡ್ಡಿನ ಸಂದಿಯಲ್ಲಿ ಕೆಂಪು ಉಳಿದಿತ್ತು. ಅಮ್ಮನದರಲ್ಲಿ ಇಲ್ಲ. ಉಗುರಿನಲ್ಲಿ ಒಂದೊಂದೇ ಸುತ್ತು ತಿರುಗಿಸಿ ತಿರುಗಿಸಿ ತೆಗೆದಿದ್ದರು.

ಆದರೆ ಹುಳಿಯಿಂದ ಎದ್ದ ಕಬ್ಬಿಣವನ್ನು ಹಾಗೇ ಬಿಡುವಂತಿಲ್ಲ. ಸೋಡಾ ಹಾಕಿದ ನೀರಲ್ಲಿ ತೊಳೆಯಬೇಕು, ಪೂರ್ತಿ ಒಣಗಿಸಬೇಕು, ತಕ್ಷಣ ಎಣ್ಣೆ ಸವರಬೇಕು. ತಡ ಆಯ್ತೋ, ಕಣ್ಣೆದುರಿಗೇ ಹೊಸ ತುಕ್ಕು ಕೇಸರಿ ಬಣ್ಣದಲ್ಲಿ ಏರುತ್ತದೆ. ಅದು ಜುಲೈ ತಿಂಗಳು. ಹಾಸಿಗೆ ಬಟ್ಟೆಯೇ ಒಣಗದ ಕಾಲ. ಹೆಂಡತಿಯ ಹೇರ್ ಡ್ರೈಯರ್ ಕೇಳಿ ತಂದು ಊದತೊಡಗಿದೆ. ಕರೆಂಟು ಹೋಯಿತು.

"ಬಚ್ಚಲ ಒಲೆ ಇಲ್ವಾ?" ಅಂದವರೇ ಅಮ್ಮ ಎಲ್ಲವನ್ನೂ ಮೊರಕ್ಕೆ ಸುರಿದು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಅಲ್ಲಿ ಮೊದಲೇ ಹಲಸಿನ ಬೇಳೆ ಒಣಗುತ್ತಿತ್ತು. ಮಾರನೇ ದಿನ ಎಲ್ಲಾ ಸಾಮಾನು ಬೆಚ್ಚಗೆ, ಗರಿಗರಿಯಾಗಿ ಇಳಿದು ಬಂತು. ಒಂದು ನಟ್ಟು ಮಾತ್ರ ಹಲಸಿನ ಬೇಳೆಯ ಜೊತೆ ಸೇರಿಕೊಂಡು, ಮಧ್ಯಾಹ್ನದ ಹುಳಿಗೆ ಹೋಗಿ, ಚಿಕ್ಕಪ್ಪನ ತಟ್ಟೆಗೆ ಬಂತು. ಚಿಕ್ಕಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿ ಬೆಳಕಿಗೆ ಹಿಡಿದು ನೋಡಿದರು.

"ಥ್ರೆಡ್ಡು ಚೆನ್ನಾಗಿ ಉಳಿದಿದೆ" ಅಂದರು. ಪಕ್ಕಕ್ಕಿಟ್ಟು ಊಟ ಮುಂದುವರಿಸಿದರು.

ಈ ಚಿಕ್ಕಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ತೋಟ ನೋಡಿಕೊಳ್ಳೋದು ಅವರೇ. ಅವರ ಪ್ರಕಾರ ಅಂಗಳದಲ್ಲಿ ಬಿದ್ದಿರುವ ಯಾವುದೇ ಕಬ್ಬಿಣ ಸಾರ್ವಜನಿಕರದ್ದು.

ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಹೊತ್ತು ಬಂತು. ಆ ಔಷಧಿ ಅಂದರೆ ಬೋರ್ಡೋ ದ್ರಾವಣ, ಅದರ ಲೆಕ್ಕ ಅಡಿಕೆ ಬೆಳೆಯುವವರಿಗೆ ಬಾಯಿಪಾಠ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು. ಸುಣ್ಣ ಸಾಕಾಯ್ತಾ ಇಲ್ವಾ ಅಂತ ನೋಡೋದಕ್ಕೆ ಹೊಳೆಯುವ ಕತ್ತಿಯನ್ನೋ ಕುಡುಗೋಲನ್ನೋ ಅದ್ದಿ ತೆಗೆಯುತ್ತಾರೆ. ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಚಿಕ್ಕಪ್ಪನಿಗೆ ಆವತ್ತು ಕುಡುಗೋಲು ಸಿಗಲಿಲ್ಲ. ಜಗಲಿ ಮೇಲೆ ನಾನು ಆಗಷ್ಟೇ ಉಜ್ಜಿಟ್ಟಿದ್ದ ಕಿಕ್ಕರ್ ಸಿಕ್ಕಿತು.

ಯೆಜ್ಡಿಯ ಕಿಕ್ಕರ್ ಅಂದರೆ ಬರೀ ಕಿಕ್ಕರ್ ಅಲ್ಲ. ಅದೇ ಗೇರ್ ಲಿವರ್ರೂ ಹೌದು. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಇಳಿಸಿದರೆ ಗೇರು. ಅದನ್ನು ಕಳೆದುಕೊಂಡರೆ ಗಾಡಿ ಶುರುವೂ ಆಗುವುದಿಲ್ಲ, ಹೋಗುವುದೂ ಇಲ್ಲ. ಅಂಥದ್ದನ್ನು ಚಿಕ್ಕಪ್ಪ ಡ್ರಮ್ಮಿಗೆ ಮುಳುಗಿಸಿ, ಎತ್ತಿ, ತೆಂಗಿನ ಮರದ ಕಡೆ ತಿರುಗಿ "ಏಯ್, ಇನ್ನೊಂಚೂರು ಸುಣ್ಣ ತಗಂಡು ಬಾರೋ" ಅಂತ ಆಳಿಗೆ ಕೂಗಿದರು. ಕಿಕ್ಕರ್ ತುದಿಯಿಂದ ಬುಡದವರೆಗೆ ತಾಮ್ರವಾಗಿತ್ತು.

ಇದರಲ್ಲಿ ಮಾಯೆ ಏನಿಲ್ಲ. ಮೈಲುತುತ್ತದ ನೀರಲ್ಲಿರುವ ತಾಮ್ರ ಕಬ್ಬಿಣ ಕಂಡರೆ ಅದರ ಮೇಲೆ ಕೂರುತ್ತದೆ, ಅಷ್ಟು ಕಬ್ಬಿಣ ಕರಗಿ ನೀರಿಗಿಳಿಯುತ್ತದೆ. ಹಾಗೆ ಕೂತ ತಾಮ್ರ ಗಟ್ಟಿ ನಿಲ್ಲುವುದಿಲ್ಲ, ಬಟ್ಟೆಯಲ್ಲಿ ಉಜ್ಜಿದರೆ ಎದ್ದು ಬರುತ್ತದೆ. ನಾನು ಉಜ್ಜುತ್ತಾ, ಕಬ್ಬಿಣಕ್ಕೆ ಕ್ರೋಮ್ ಹಾಕುವ ಪ್ಲೇಟಿಂಗ್ ಅಂಗಡಿಯಲ್ಲೂ ಮೊದಲು ತಾಮ್ರವನ್ನೇ ಕೂರಿಸುತ್ತಾರೆ, ಆದರೆ ಕರೆಂಟು ಕೊಟ್ಟು, ಅಂತ ಚಿಕ್ಕಪ್ಪನಿಗೆ ವಿವರಿಸಿದೆ. ಹಾಗೆ ವಿವರಿಸಬಾರದಿತ್ತು.

"ಹಂಗಾದ್ರೆ ಅರ್ಧ ಕೆಲಸ ನಾನೇ ಮಾಡಿಕೊಟ್ಟೆ. ಇನ್ನು ಶಿವಮೊಗ್ಗದವನಿಗೆ ದುಡ್ಡು ಅರ್ಧ ಕೊಟ್ರೆ ಸಾಕು" ಅಂದರು.

ಶಿವಮೊಗ್ಗದವನು ಅಂದರೆ ಪ್ಲೇಟಿಂಗ್ ಅಂಗಡಿಯ ಮಾಲೀಕ. ಬಹಳ ಒಳ್ಳೆ ಮಾತುಗಾರ. ಕ್ರೋಮ್ ಅಂತ ನಾವು ಬಾಯಿ ಬಿಡುವ ಹೊಳಪಿನಲ್ಲಿ ಕ್ರೋಮಿನ ಪಾಲು ಬಹಳ ಕಡಿಮೆ ಅಂತ ಹೇಳಿಕೊಟ್ಟಿದ್ದು ಅವನೇ. ಕೆಳಗೆ ತಾಮ್ರ, ಅದರ ಮೇಲೆ ದಪ್ಪಕ್ಕೆ ನಿಕ್ಕಲ್. ಹೊಳೆಯೋದು ಆ ನಿಕ್ಕಲ್. ಅದು ಮಾಸದಿರಲಿ ಅಂತ ಮೇಲೊಂದು ಕ್ರೋಮಿನ ಪದರ. ಅದು ಒಂದು ಮೈಕ್ರಾನಿಗಿಂತಲೂ ತೆಳು, ನಮ್ಮ ತಲೆಗೂದಲು ಅದರ ಹತ್ತಾರು ಪಟ್ಟು ದಪ್ಪ. ಹಾಗಾಗಿ ಅಡಿಯಲ್ಲಿ ಒಂದು ಗೀರು, ಒಂದು ತುಕ್ಕಿನ ಗುಳಿ ಇದ್ದರೂ ಕ್ರೋಮ್ ಅದನ್ನು ಮುಚ್ಚುವುದಿಲ್ಲ. ಇನ್ನೂ ಎತ್ತಿ ತೋರಿಸುತ್ತದೆ.

"ಕೆಲಸ ಇರೋದು ತೊಟ್ಟಿಯಲ್ಲಲ್ಲ ಸಾರ್, ಬಫಿಂಗಿನಲ್ಲಿ. ನಮ್ಮ ಹುಡುಗ ಎಕ್ಸ್‌ಪರ್ಟು" ಅಂದ.

ಬಫಿಂಗ್ ಅಂದರೆ ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿ ನುಣುಪು ಮಾಡೋದು. ಹುಡುಗ ನಿಜವಾಗಿಯೂ ಎಕ್ಸ್‌ಪರ್ಟು. ಸೈಲೆನ್ಸರುಗಳ ಮೇಲಿನ ಗುಳಿ ಎಲ್ಲಾ ಹೋಗಿತ್ತು. ಹ್ಯಾಂಡಲ್ ಬಾರು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಜೊತೆಗೆ ಇಂಜಿನ್ನಿನ ಅಲ್ಯೂಮಿನಿಯಂ ಕವರನ್ನೂ ಬಫಿಂಗಿಗೆ ಕೊಟ್ಟಿದ್ದೆ. ಅದಕ್ಕೆ ಪ್ಲೇಟಿಂಗ್ ಬೇಕಿಲ್ಲ, ಪಾಲಿಶ್ ಸೋಪು ಹಚ್ಚಿ ಚಕ್ರಕ್ಕೆ ಹಿಡಿದರೆ ಸಾಕು. ಹುಡುಗ ಮನಸ್ಸಿಟ್ಟು ಹಿಡಿದಿದ್ದ. ಎಷ್ಟು ಮನಸ್ಸಿಟ್ಟು ಅಂದರೆ, ಕವರಿನ ಮೇಲೆ ಉಬ್ಬಿದ್ದ ಅಕ್ಷರ ಪೂರ್ತಿ ಸಪಾಟಾಗಿತ್ತು. ನಾನು ಬೆರಳಾಡಿಸಿ ಹುಡುಕಿದೆ. ಒಂದು ಕಡೆ ಸ್ವಲ್ಪ ತಡೆದಂಗಾಯಿತು, ಆ ಅಕ್ಷರದ್ದೊಂದು ಮೂಲೆ ಇರಬೇಕು.

"ಪ್ಲೇನಾಗಿದ್ರೇ ಲುಕ್ಕು ಸಾರ್" ಅಂದ ಮಾಲೀಕ. "ಒರೆಸೋದಕ್ಕೂ ಸುಲಭ."

ಹೆಡ್‌ಲೈಟಿನ ರಿಂಗು ಮಾತ್ರ ನಮ್ಮದಲ್ಲ. ಯಾರದ್ದೋ ಬುಲೆಟ್ಟಿನದು. ನಮ್ಮದು ಆ ಬುಲೆಟ್ಟಿನವರ ಹತ್ತಿರ ಇದೆಯಂತೆ, ಅವರು ಭದ್ರಾವತಿ ಕಡೆಯವರಂತೆ, ಬಂದರೆ ಹೇಳುತ್ತಾನಂತೆ.

ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಿದ ಕಥೆ ಚಿಕ್ಕದು. ಪುಡಿ ಬಣ್ಣ ಎರಚಿ, 200 ಡಿಗ್ರಿ ಹತ್ತಿರದ ಓವನ್ನಿನಲ್ಲಿ ಬೇಯಿಸುತ್ತಾರೆ. ಬಹಳ ಗಟ್ಟಿ, ಮಳೆಗೆ ಜಗ್ಗುವುದಿಲ್ಲ. ಕೋಟಿಂಗಿನವರು ಉದಾರಿಗಳು, ದಪ್ಪಗೆ ಹಾಕಿಕೊಟ್ಟರು. ಬೋಲ್ಟಿನ ತೂತು, ಥ್ರೆಡ್ಡು, ಕೊನೆಗೆ ಚಾಸಿ ನಂಬರಿನ ಮೇಲೂ. 15 ವರ್ಷ ದಾಟಿದ ಗಾಡಿಗೆ ರಿಜಿಸ್ಟ್ರೇಷನ್ ಹೊಸದು ಮಾಡಿಸಬೇಕಲ್ಲ, ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ನಮ್ಮದರಲ್ಲಿ ಎಷ್ಟು ಉಜ್ಜಿದರೂ ಬಂದಿದ್ದು ಬರೀ ಕಪ್ಪು. ಅಷ್ಟು ಚೆಂದದ ಬಣ್ಣವನ್ನು ಆ ಜಾಗದಲ್ಲಿ ಬ್ಲೇಡಿನಿಂದ ಕೆರೆದು ತೆಗೆದದ್ದಾಯಿತು. ಮಳೆಗಾಲಕ್ಕೆ ಒಂದು ಬಾಗಿಲು ತೆರೆದಿಟ್ಟಂತೆ. ಈಗ ಅಲ್ಲಿಗೆ ದಿನಾ ಗ್ರೀಸು ಹಚ್ಚುತ್ತೇನೆ.

ಇಷ್ಟೆಲ್ಲಾ ಖರ್ಚು ಮಾಡಿದ ಮೇಲೆ ಗಾಡಿಯ ಅತಿ ಒಳ್ಳೆಯ ಫಿನಿಶಿಂಗ್ ಸಿಕ್ಕಿದ್ದು ಮಾತ್ರ ಪುಕ್ಕಟೆಯಾಗಿ. ಅದು ಅಕ್ಟೋಬರ್‌ನಲ್ಲಿ, ಕೊಯ್ಲು ಶುರುವಾದ ಮೇಲೆ.

ಅಡಿಕೆ ಬೇಯಿಸಿದ ನೀರು ಗಟ್ಟಿಯಾಗುತ್ತಾ ಹೋಗಿ ಚೊಗರು ಆಗುತ್ತದೆ. ಮುಂದಿನ ಅಡಿಕೆಗೆ ಕೆಂಪು ಬಣ್ಣ ಕೊಡೋದು ಅದೇ. ಅಡಿಕೆಗೆ ಬಣ್ಣಕ್ಕೇ ರೇಟು. ಹಾಗಾಗಿ ಚೊಗರನ್ನು ನಮ್ಮಲ್ಲಿ ತುಪ್ಪಕ್ಕಿಂತ ಜೋಪಾನವಾಗಿ ಕಾಯುತ್ತಾರೆ. ಚೊಗರಿನ ಬಾನಿಯ ಮುಚ್ಚಳ ಗಾಳಿಗೆ ಹಾರದಿರಲಿ ಅಂತ ಚಿಕ್ಕಪ್ಪ ಅದರ ಮೇಲೊಂದು ಭಾರ ಹೇರಿದ್ದರು. ಭಾರ ಅಂದರೆ ನನ್ನ ಸೆಂಟರ್ ಸ್ಟ್ಯಾಂಡು. ಬಣ್ಣಕ್ಕೆ ಅಂತ ಕೆರೆದು ಇಟ್ಟಿದ್ದದ್ದು. ರಾತ್ರಿ ಯಾವಾಗಲೋ ಮುಚ್ಚಳ ಮಗುಚಿ, ಸ್ಟ್ಯಾಂಡು ಬಾನಿಗೆ ಬಿತ್ತು. ಯಾರಿಗೂ ಗೊತ್ತಾಗಲಿಲ್ಲ.

ಚೊಗರಿನಲ್ಲಿರೋದು ಟ್ಯಾನಿನ್. ಕಬ್ಬಿಣಕ್ಕೆ ಟ್ಯಾನಿನ್ ಸೇರಿದರೆ ಕಪ್ಪಾಗುತ್ತದೆ. ಉಳಿದ ತುಕ್ಕನ್ನೂ ಅದು ಕಪ್ಪು ಪದರ ಮಾಡಿಬಿಡುತ್ತದೆ. ತುಕ್ಕಿನ ಮೇಲೆ ನೇರ ಹಚ್ಚುವ ರಸ್ಟ್ ಕನ್ವರ್ಟರ್ ಅಂತ ಸಣ್ಣ ಬಾಟಲಿಗೆ ದೊಡ್ಡ ದುಡ್ಡು ತಗೊಳ್ತಾರಲ್ಲ, ಅವುಗಳಲ್ಲಿ ಎಷ್ಟೋ ಕಡೆ ಇರೋದು ಈ ಟ್ಯಾನಿಕ್ ಆಸಿಡ್ಡೇ. ಸ್ಟ್ಯಾಂಡು ಎತ್ತಿದಾಗ ಒಂದೇ ಸಮನೆ ಕಪ್ಪಗಿತ್ತು. ಹೊಳಪಿಲ್ಲ, ಕಲೆಯಿಲ್ಲ, ವೆಲ್ಡಿಂಗಿನ ಗೆರೆಯೂ ಕಾಣದಂತೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಗಾಡಿಗೆ ಹಾಕಿದೆ. ಇವತ್ತಿಗೂ ಹಾಗೇ ಇದೆ.

ಬಾನಿ ತುಂಬ ಚೊಗರೂ ಕಪ್ಪಾಗಿತ್ತು.

ಚಿಕ್ಕಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸ್ಟ್ಯಾಂಡನ್ನು ಅಲ್ಲಿಟ್ಟಿದ್ದು ಯಾರು ಅನ್ನುವ ಪ್ರಶ್ನೆ ಎತ್ತುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೂರನೇ ದಿನ ಚಿಕ್ಕಮ್ಮ ಮಧ್ಯಸ್ಥಿಕೆ ವಹಿಸಿದರು. ನಷ್ಟಕ್ಕೆ ಪರಿಹಾರವಾಗಿ ಚಿಕ್ಕಪ್ಪ ಕೇಳಿದ್ದು ಒಂದೇ.

"ಆ ಕ್ರೋಮ್ ಇದೆಯಲ್ಲ, ಅದು ಮೆಟ್ಟುಗತ್ತಿಗೆ ಹಾಕಿಸಬಹುದಾ? ಸುಲಿಯೋವಾಗ ಚೊಗರು ಹಿಡಿದು ಕಪ್ಪಾಗ್ತದೆ ಅಂತ ಹೆಂಗಸರು ಗಲಾಟೆ ಮಾಡ್ತಾರೆ."

ಮೆಟ್ಟುಗತ್ತಿ ಅಂದರೆ ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ. ಅದರ ಬಾಯಿಯ ಮೇಲೆ ಕ್ರೋಮ್ ಹಾಕಿದರೆ ಮಸೆದ ದಿನವೇ ಹೋಗುತ್ತದೆ ಅಂತ ಹೇಳಿ ನೋಡಿದೆ. ಕೇಳಲಿಲ್ಲ. ಮನೆಯಲ್ಲಿದ್ದ ಮೆಟ್ಟುಗತ್ತಿಗಳನ್ನೆಲ್ಲಾ ಗೋಣಿಚೀಲಕ್ಕೆ ಹಾಕಿ, ನನ್ನ ಹೆಸರು ಬರೆದು, ಶಿವಮೊಗ್ಗಕ್ಕೆ ಹೋಗುವ ಬಸ್ಸಿಗೆ ಅವರೇ ಕೊಟ್ಟು ಬಂದರು.

ಸಂಜೆ ಮಾಲೀಕನ ಫೋನ್ ಬಂತು.

"ಸಾರ್, ಸಾಮಾನು ಬಂತು. ಹುಡುಗ ಬಫಿಂಗ್ ಶುರು ಮಾಡಿದಾನೆ. ಇದು ಯಾವ ಗಾಡಿದು ಸಾರ್, ರಾಜ್‌ದೂತ್‌ದಾ? ಲಿವರ್ರು ಅಂತ ಗೊತ್ತಾಯ್ತು, ಕಾಲಿಡೋ ಜಾಗ ಕಾಣ್ತಿದೆ. ಆದರೆ ಇನ್ನೊಂದು ಬದಿ ಭಾರಿ ಚೂಪಿತ್ತು. ಗ್ರಾಹಕರ ಕಾಲು ಕೊಯ್ದೀತು ಅಂತ ಹುಡುಗ ಎಲ್ಲಾ ದುಂಡಗೆ ಮಾಡಿಟ್ಟಿದಾನೆ."