ಚೆನ್ನಾಗಿ ನೋಡ್ಕೊಂಡ್ರು ಎಂಬ ಉತ್ತರಕ್ಕೆ ಎಷ್ಟು ಅಂಕ?

ಆಸ್ಪತ್ರೆಯಲ್ಲಿ ನರ್ಸ್‌ಗಳು ತನ್ನನ್ನು ಒಬ್ಬ ವ್ಯಕ್ತಿಯಾಗಿ ನೋಡಿದರೋ, ಬರೀ ಬೆಡ್ ನಂಬರಾಗಿ ನೋಡಿದರೋ ಎಂಬುದನ್ನು ರೋಗಿಯಿಂದಲೇ ಕೇಳಿ ಅಳೆಯುವ ಪ್ರಶ್ನಾವಳಿಗಳಲ್ಲಿ, ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ರೀತಾ ಸುಹೋನೆನ್ ಮತ್ತು ಸಂಗಡಿಗರು ರೂಪಿಸಿದ ಇಂಡಿವಿಜುವಲೈಸ್ಡ್ ಕೇರ್ ಸ್ಕೇಲ್ ಹೆಸರಾದದ್ದು. ಅದರಲ್ಲಿ ಎರಡು ಭಾಗಗಳಿವೆ: ನರ್ಸ್‌ಗಳು ತನ್ನ ವೈಯಕ್ತಿಕತೆಗೆ ಒತ್ತಾಸೆ ಕೊಟ್ಟರೇ ಎಂಬುದು ಒಂದು, ಸಿಕ್ಕ ಆರೈಕೆಯಲ್ಲಿ ಅದು ನಿಜಕ್ಕೂ ಕಂಡಿತೇ ಎಂಬುದು ಇನ್ನೊಂದು. ತಲಾ 17 ಹೇಳಿಕೆಗಳಿಗೆ ರೋಗಿ 1ರಿಂದ 5ರವರೆಗೆ ಅಂಕ ಕೊಡುತ್ತಾನೆ.

ಗ್ರೀಸ್, ಸ್ವೀಡನ್, ಬ್ರಿಟನ್, ಟರ್ಕಿ ಮೊದಲಾದೆಡೆ ಇದನ್ನು ಬಳಸಿದ್ದಾರೆ. ಎರಡೂ ಭಾಗಗಳ ಹೇಳಿಕೆಗಳನ್ನು ಹಂಚಿರುವ ಕಾಯಿಲೆಯ ಸ್ಥಿತಿ, ವೈಯಕ್ತಿಕ ಬದುಕು, ನಿರ್ಧಾರದಲ್ಲಿ ಪಾಲು ಎಂಬ ಮೂರು ವಿಭಾಗಗಳಲ್ಲಿ ಸಾಮಾನ್ಯವಾಗಿ ಕಡಿಮೆ ಅಂಕ ಬೀಳುವುದು ವೈಯಕ್ತಿಕ ಬದುಕಿಗೆ. ಯಾವ ದೇಶದ ಸರಾಸರಿ ಹೆಚ್ಚು ಎಂಬುದಕ್ಕಿಂತ ಈ ಸಂಗತಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಇಲ್ಲಿ ಒಂದೇ ರೋಗಿ ತನ್ನದೇ ಅಳತೆಗೋಲಿನಿಂದ ಮೂರನ್ನೂ ಅಳೆದಿರುತ್ತಾನೆ.

ದೇಶದೇಶಗಳ ಹೋಲಿಕೆಯಲ್ಲಿ ಆ ಭರವಸೆ ಇಲ್ಲ. ರೋಗಿಯ ಹಕ್ಕುಗಳಿಗೆಂದೇ 1992ರಲ್ಲಿ ಕಾಯ್ದೆ ಮಾಡಿದ ಫಿನ್ಲೆಂಡಿನಲ್ಲಿ, ತನ್ನನ್ನು ಕೇಳದೆ ತೀರ್ಮಾನಿಸಿದರೆಂದು ರೋಗಿ 3 ಅಂಕ ಕೊಡಬಹುದು; ಬೆಡ್ ಸಿಕ್ಕಿದ್ದೇ ದೊಡ್ಡದು ಎಂದುಕೊಂಡವನು ಅದೇ ಆರೈಕೆಗೆ 5 ಕೊಟ್ಟಾನು. ನಮ್ಮಲ್ಲಂತೂ ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆಗೇ ಫೀಡ್‌ಬ್ಯಾಕ್ ಫಾರಂ ಬರುತ್ತದೆ, ಫಾರಂ ಕೊಟ್ಟ ಸಿಸ್ಟರ್ ಅಲ್ಲೇ ನಿಂತಿರುತ್ತಾರೆ, ಮುಂದಿನ ವಾರ ಹೊಲಿಗೆ ಬಿಚ್ಚಿಸಲು ಅವರ ಹತ್ತಿರವೇ ಬರಬೇಕು. ‘ಚೆನ್ನಾಗಿ ನೋಡ್ಕೊಂಡ್ರು’ ಎನ್ನದೆ ಇನ್ನೇನು ಹೇಳಲು ಸಾಧ್ಯ?

ಪ್ರಶ್ನಾವಳಿಯಲ್ಲಿ ಒಂದು ಹೇಳಿಕೆ ಇದೆ: ಯಾವ ಹೊತ್ತಿಗೆ ಮೈ ತೊಳೆದುಕೊಳ್ಳಲು ಇಷ್ಟ ಎಂದು ನರ್ಸ್ ವಿಚಾರಿಸಿದರೇ? ಅಲ್ಲಿ ಇದು ರೋಗಿಯ ಆಯ್ಕೆಯನ್ನು ಅಳೆಯುವ ಒಳ್ಳೆಯ ಪ್ರಶ್ನೆ. ನಮ್ಮ ಜನರಲ್ ವಾರ್ಡಿನಲ್ಲಿ ಬಿಸಿನೀರು ಹಿಡಿದು ತರುವವಳು ಮಗಳು, ಮೈ ಒರೆಸುವವಳು ಹೆಂಡತಿ, ರಾತ್ರಿ ಮಂಚದ ಪಕ್ಕ ಚಾಪೆ ಹಾಸಿ ಮಲಗುವವನು ತಮ್ಮ. ಇಂಜೆಕ್ಷನ್, ಡ್ರಿಪ್, ಕೇಸ್‌ಶೀಟುಗಳ ನಡುವೆ ಇಡೀ ವಾರ್ಡು ನೋಡುವ ಸಿಸ್ಟರ್‌ಗೆ ಸ್ನಾನದ ಹೊತ್ತು ಕೇಳಲು ಪುರುಸೊತ್ತಿರುವುದಿಲ್ಲ, ಆಕೆ ಕೇಳಬೇಕೆಂದು ರೋಗಿಗೂ ಅನ್ನಿಸುವುದಿಲ್ಲ. ಅವನು 1 ಎಂದು ಗುರುತು ಹಾಕಿದರೆ ಅದು ಉಪೇಕ್ಷೆಯ ಲೆಕ್ಕಕ್ಕೆ ಹೋಗುತ್ತದೆ. ಮನೆಯವರು ಅವನ ಇಷ್ಟದಂತೆಯೇ ನಡೆದುಕೊಂಡದ್ದು ಎಲ್ಲೂ ದಾಖಲಾಗುವುದಿಲ್ಲ. (ಹಾಗೆಂದು ಮನೆಯವರಿದ್ದಾರೆಂಬ ನೆಪದಲ್ಲಿ ನರ್ಸ್‌ಗಳ ಸಂಖ್ಯೆ ಕಡಿಮೆ ಇಡುವುದನ್ನು ನಾನು ಒಪ್ಪುತ್ತಿಲ್ಲ.)

ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಎರಡು ಸಮಾಜಗಳಲ್ಲಿ ಹೇಳಿಕೆಗಳು ಒಂದೇ ರೀತಿ ಗುಂಪುಗೂಡುತ್ತವೆಯೇ, ಒಂದೇ ಮಟ್ಟದ ಆರೈಕೆಗೆ ಒಂದೇ ಅಂಕ ಬೀಳುತ್ತದೆಯೇ ಎಂದು ನೋಡಿದ ಮೇಲಷ್ಟೇ ಸರಾಸರಿಗಳನ್ನು ಹೋಲಿಸಬೇಕು. ಅದಿಲ್ಲದೆ ದೇಶಗಳನ್ನು ಮೇಲೆ ಕೆಳಗೆ ಜೋಡಿಸಿದ ಕೋಷ್ಟಕ ನನಗೆ ಬೇಡ.

ಕರ್ನಾಟಕದ ವಾರ್ಡುಗಳಲ್ಲಿ ಇದನ್ನು ಬಳಸುವುದಾದರೆ, ಪ್ರತಿ ಹೇಳಿಕೆಯ ಪಕ್ಕ ಈ ಕೆಲಸ ಮಾಡಿದವರು ಯಾರು ಎಂಬ ಕಾಲಂ ಸೇರಿಸಬೇಕು: ನರ್ಸ್, ಆಯಾ, ಮನೆಯವರು, ಯಾರೂ ಇಲ್ಲ. ಫಾರಂ ತುಂಬಿಸುವವರು ಆ ವಾರ್ಡಿನವರಾಗಿರಬಾರದು, ರೋಗಿ ಮನೆ ಸೇರಿದ ಮೇಲೆ ಕೇಳಿದರೆ ಇನ್ನೂ ಒಳ್ಳೆಯದು. ‘ಯಾರೂ ಇಲ್ಲ’ ಎಂಬಲ್ಲಿ ಗುರುತು ಹಾಕಿದವರಲ್ಲಿ ಹೆಚ್ಚಿನವರು ಜೊತೆಗೆ ಯಾರನ್ನೂ ಕರೆತರಲಾಗದ ಒಂಟಿ ಮುದುಕರು, ವಲಸೆ ಕಾರ್ಮಿಕರು ಆಗಿರುತ್ತಾರೆಂದು ನನ್ನ ಊಹೆ; ಸರಾಸರಿ ಲೆಕ್ಕ ಹಾಕುವ ಮೊದಲು ಆ ಫಾರಂಗಳನ್ನು ಬೇರೆ ತೆಗೆದಿಟ್ಟು ಓದಬೇಕು.