ಬಂದವರೆಲ್ಲ ಬಾರದವರಾದ ತಿಂಗಳು

ಬೈಕಂಪಾಡಿಯ ನಮ್ಮ ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕಪತ್ರಕ್ಕೆ ಒಂದು ತಂತ್ರಾಂಶವಿದೆ, ಸಂಬಳಕ್ಕೆ ಇನ್ನೊಂದಿದೆ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕದಲ್ಲೇ ತೆರೆದುಕೊಳ್ಳುತ್ತವೆಯಾದರೂ ಒಂದಕ್ಕೊಂದು ಮಾತಿಲ್ಲ. ಅವುಗಳನ್ನು ಮಾರಲು ಬಂದವರು ತಮ್ಮ ತಮ್ಮ ತಂತ್ರಾಂಶದಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಗುಂಡಿಯೂ ‘ಇಂಪೋರ್ಟ್’ ಎಂಬ ಗುಂಡಿಯೂ ಇರುವುದನ್ನು ಧನಿಗಳಿಗೆ ಒತ್ತಿ ತೋರಿಸಿ ಹೋಗಿದ್ದರು, ಅದೇನೂ ಸುಳ್ಳಲ್ಲ. ಒಂದು ಕೊಟ್ಟದ್ದನ್ನು ಇನ್ನೊಂದು ತೆಗೆದುಕೊಳ್ಳುತ್ತದೆಯೇ ಎಂದು ಧನಿಗಳು ಕೇಳಿರಲಿಲ್ಲ, ಕೇಳದೆ ಹೇಳುವ ಅಭ್ಯಾಸ ಮಾರುವವರಿಗೆ ಇರಲಿಲ್ಲ. ಹೀಗಾಗಿ, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರ ನಡುವೆ ಮಾತು ಹೊತ್ತು ಓಡಾಡುವ ಸೋದರಮಾವನ ಕೆಲಸವು ಇಲ್ಲಿನ ರೈಟರ್ ಆದ ನನ್ನ ಪಾಲಿಗೆ ಬಂತು.

ತಿಂಗಳ 7ರೊಳಗೆ ಸಂಬಳ ಆಗಬೇಕು, 15ರೊಳಗೆ ಪಿ.ಎಫ್. ಎಂಬ ಭವಿಷ್ಯನಿಧಿಯ ಮತ್ತು ಇ.ಎಸ್.ಐ. ಎಂಬ ಕಾರ್ಮಿಕರ ವಿಮೆಯ ಹಣ ಕಟ್ಟಬೇಕು. ಅಷ್ಟರೊಳಗೆ ಲೆಕ್ಕದ ತಂತ್ರಾಂಶದಲ್ಲಿರುವ ಹಾಜರಿ ಮತ್ತು ಕೂಲಿಯ ಅಂಕಿಗಳು ಸಂಬಳದ ತಂತ್ರಾಂಶಕ್ಕೆ ದಾಟಬೇಕು. ದಾಟಿಸಲು ಇರುವ ಒಂದೇ ಸೇತುವೆ ಎಕ್ಸೆಲ್. ಎಕ್ಸೆಲ್‌ನ ದೋಷವೆಂದರೆ ಅದರ ಅತಿಬುದ್ಧಿ. ಪಿ.ಎಫ್. ಸದಸ್ಯರಿಗೆ ಕೊಡುವ ಯು.ಎ.ಎನ್. 12 ಅಂಕಿಗಳ ಸಂಖ್ಯೆ. ಅದನ್ನು ಕಂಡೊಡನೆ ಎಕ್ಸೆಲ್ ಇದು ಯಾವುದೋ ನಕ್ಷತ್ರದ ದೂರವಿರಬೇಕೆಂದು ಭಾವಿಸಿ ‘1.01ಇ+11’ ಎಂದು ಬರೆದಿಡುತ್ತದೆ. ಅದೇ ರೂಪದಲ್ಲಿ ಕಡತವನ್ನು ಉಳಿಸಿದರೆ ಕೊನೆಯ ಅಂಕಿಗಳೆಲ್ಲ ಹೋಗಿ, ಬೀಜ ಕಟ್ ಮಾಡುವವರಿಂದ ಸಿಪ್ಪೆ ತೆಗೆಯುವವರವರೆಗೆ ಎಲ್ಲರೂ ಒಂದೇ ಭವಿಷ್ಯನಿಧಿಯ ಒಡೆಯರಾಗುತ್ತಾರೆ. 15 ಅಂಕಿಗಳಿಗಿಂತ ಉದ್ದದ ಸಂಖ್ಯೆಯನ್ನು ಅದು ನೆನಪಿಟ್ಟುಕೊಳ್ಳುವುದೇ ಇಲ್ಲವಾದ್ದರಿಂದ 16 ಅಂಕಿಗಳ ಬ್ಯಾಂಕ್ ಖಾತೆಗಳೆಲ್ಲ ಸೊನ್ನೆಯಲ್ಲಿ ಮುಗಿಯುತ್ತವೆ. ಮಾರ್ಚ್ ತಿಂಗಳಿನಲ್ಲಿ ಸೇರಿದವರಿಗೆ ನಾವು ಕೊಟ್ಟಿದ್ದ ‘ಮಾರ್ಚ್-12’ ಎಂಬಂಥ ನಂಬರುಗಳು ತಾರೀಖುಗಳಾದವು. ಇದಕ್ಕೆ ನಾನೇನೂ ಬೇಸರಪಟ್ಟುಕೊಳ್ಳಲಿಲ್ಲ; ಮಾನವ ವಂಶವಾಹಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ಇದೇ ಕಾಟ ತಾಳಲಾರದೆ 2020ರಲ್ಲಿ ‘ಮಾರ್ಚ್ 1’ ಎಂಬ ವಂಶವಾಹಿಯ ಹೆಸರನ್ನು ಬದಲಿಸಿತೆಂದ ಮೇಲೆ ಗೇರುಬೀಜದವರ ಮಾತೇನು?

ಇನ್ನು ಹೆಸರುಗಳು. ಮಂಗಳೂರಿನಲ್ಲಿ ಕಾರ್ಖಾನೆ ನಡೆಸುವವರ ಹಾಜರಿ ಪುಸ್ತಕದಲ್ಲಿ ಪೂಜಾರಿ, ಶೆಟ್ಟಿ, ಶೆಣೈಗಳ ನಡುವೆ ಡಿ’ಸೋಜರು ಇದ್ದೇ ಇರುತ್ತಾರೆ, ಮತ್ತು ಇಂಗ್ಲಿಷಿನಲ್ಲಿ ಬರೆಯುವಾಗ ಅವರ ಹೆಸರಿನ ಮೊದಲ ಅಕ್ಷರದ ತಲೆಯ ಬಳಿ ಒಂದು ಸಣ್ಣ ಕೊಕ್ಕೆ ಇರುತ್ತದೆ. ಸಂಬಳದ ತಂತ್ರಾಂಶದ ಕಣ್ಣಿಗೆ ಆ ಕೊಕ್ಕೆಯೆಂದರೆ ಮಾತು ಮುಗಿಯಿತೆಂಬ ಸೂಚನೆ. ಆದ್ದರಿಂದ ಅದು ಮೊದಲ ಡಿ’ಸೋಜರವರೆಗೆ ಸರಾಗವಾಗಿ ಓಡಿ, ಅಲ್ಲಿ ‘ಡಿ’ ಎಂದು ನಿಂತು, ಕೆಂಪು ಅಕ್ಷರಗಳಲ್ಲಿ ಕಿರುಚಿತು. ವಿಚಿತ್ರವೆಂದರೆ ಎಕ್ಸೆಲ್‌ನಲ್ಲಿ ಯು.ಎ.ಎನ್. ಸಂಖ್ಯೆಯನ್ನು ಸಂಖ್ಯೆಯೆಂದು ತಿಳಿಯದೆ ಹಾಗೆಯೇ ಬಿಡು ಎಂದು ಹೇಳಲು ಬಳಸುವುದೂ ಅದೇ ಕೊಕ್ಕೆಯನ್ನೇ. ಒಂದೇ ಚಿಹ್ನೆ ಒಂದು ಕಾಲಮಿನಲ್ಲಿ ಪ್ರಾಣ ಉಳಿಸುತ್ತದೆ, ಪಕ್ಕದ ಕಾಲಮಿನಲ್ಲಿ ತೆಗೆಯುತ್ತದೆ. ಡಿ’ಸೋಜರ ಕೊಕ್ಕೆಗಳನ್ನೆಲ್ಲ ಕಿತ್ತ ಮೇಲೆ ವಿಳಾಸಗಳ ಸರದಿ ಬಂತು: ‘ಕುಳಾಯಿ, ಮಂಗಳೂರು’ ಎಂಬಲ್ಲಿನ ಅಲ್ಪವಿರಾಮವನ್ನು ಕಂಡು ತಂತ್ರಾಂಶವು ಕುಳಾಯಿಯನ್ನು ವಿಳಾಸದಲ್ಲಿ ಇರಿಸಿ, ಮಂಗಳೂರನ್ನು ಮೂಲವೇತನದ ಕಾಲಮಿಗೆ ತಳ್ಳಿತು. ಅಷ್ಟೊಂದು ಮೂಲವೇತನ ಯಾರಿಗೂ ಇಲ್ಲ.

ಈ ವಿಷಯದಲ್ಲಿ ಪಿ.ಎಫ್. ಇಲಾಖೆಯ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಅವರಿಗೆ ತಿಂಗಳು ತಿಂಗಳು ಕಳುಹಿಸುವ ಇ.ಸಿ.ಆರ್. ಕಡತದಲ್ಲಿ ಒಬ್ಬೊಬ್ಬರಿಗೂ 11 ಮಾಹಿತಿಗಳಿರುತ್ತವೆ, ಎರಡು ಮಾಹಿತಿಗಳ ನಡುವಿನ ಬೇಲಿ ‘#~#’ ಎಂಬ ಗುರುತು. ಭಾರತದ ಯಾವ ಮೂಲೆಯಲ್ಲೂ ತಂದೆತಾಯಿಯರು ಮಗುವಿಗೆ ಇಂಥ ಹೆಸರಿಡಲಾರರೆಂದು ಯೋಚಿಸಿಯೇ ಯಾರೋ ಇದನ್ನು ಆರಿಸಿರಬೇಕು.

‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಬೆರಳಚ್ಚಿಸಿದ್ದ ಹಳೆಯ ಕನ್ನಡ ಹೆಸರುಗಳು ಹೊಸ ತಂತ್ರಾಂಶದಲ್ಲಿ ಯಾವುದೋ ಯುರೋಪಿನ ಭಾಷೆಯ ಹೆಸರುಗಳಾಗಿ ಕಾಣಿಸಿಕೊಂಡದ್ದನ್ನೂ, ವಿಲೀನದಲ್ಲಿ ಕಣ್ಮರೆಯಾದ ನಮ್ಮೂರ ಬ್ಯಾಂಕುಗಳ, ಎಂದರೆ 2019ರಲ್ಲಿ ಹೋದ ವಿಜಯಾ ಮತ್ತು 2020ರಲ್ಲಿ ಹೋದ ಕಾರ್ಪೊರೇಶನ್, ಸಿಂಡಿಕೇಟ್ ಬ್ಯಾಂಕುಗಳ ಶಾಖೆ ಗುರುತಿಸುವ ಐ.ಎಫ್.ಎಸ್.ಸಿ. ಸಂಕೇತಗಳು ಹಳೆಯ ಕಡತದಿಂದ ಎದ್ದು ಬಂದದ್ದನ್ನೂ ವಿವರಿಸಲು ಹೋಗುವುದಿಲ್ಲ. ಇವೆಲ್ಲ ಒಂದು ಅರ್ಥದಲ್ಲಿ ಸಜ್ಜನ ತಪ್ಪುಗಳು. ಕಿರುಚುತ್ತವೆ, ಕೆಂಪಾಗುತ್ತವೆ, ಮುಂದೆ ಹೋಗಲು ಬಿಡುವುದಿಲ್ಲ. ನಾನು ಹೆದರುವುದು ತಲೆಯಾಡಿಸಿ ‘ಯಶಸ್ವಿಯಾಗಿದೆ’ ಎಂದು ಹಸಿರು ಅಕ್ಷರದಲ್ಲಿ ಹೇಳುವ ತಂತ್ರಾಂಶಕ್ಕೆ.

ಅದು ಹಾಗೆ ಹೇಳಿದ್ದು ಮೇ ತಿಂಗಳ ಸಂಬಳದ ಹೊತ್ತಿಗೆ. ಮೇ ನಮ್ಮಲ್ಲಿ ಹಾಜರಿಯ ಮಟ್ಟಿಗೆ ಕಷ್ಟದ ತಿಂಗಳು. ತಿಂಗಳ ಕೊನೆಯ ವಾರದಲ್ಲಿ ತುಳುನಾಡಿನ ಪತ್ತನಾಜೆ ಎಂಬ ದಿನ ಬಂದರೆ ಭೂತಗಳ ನೇಮವೂ ಯಕ್ಷಗಾನ ಮೇಳಗಳ ತಿರುಗಾಟವೂ ನಿಲ್ಲುತ್ತವೆ. ಅದಕ್ಕೆ ಮುಂಚೆ ಊರಿನ ನೇಮ, ಮಾವನ ಊರಿನ ನೇಮ, ಮದುವೆ, ಗೃಹಪ್ರವೇಶಗಳೆಲ್ಲ ಮುಗಿಯಬೇಕು. ಇಷ್ಟರ ನಡುವೆಯೂ ಒಂದು ದಿನ ತಪ್ಪಿಸದೆ ಬಂದವರಿಗೆ ಜೂನ್‌ನಲ್ಲಿ ಸಂಬಳ ಕೊಡುವ ದಿನ ಒಂದೊಂದು ಕೊಡೆ ಕೊಡುವುದು ಧನಿಗಳ ಕ್ರಮ. ಆ ಸಲ ಸಂಬಳದ ತಂತ್ರಾಂಶವು ಮುದ್ರಿಸಿಕೊಟ್ಟ ಪೂರ್ಣ ಹಾಜರಿಯ ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಕೊಡೆಯ ಖರ್ಚು ಉಳಿಯಿತೆಂದು ಧನಿಗಳಿಗೆ ಒಳಗೊಳಗೇ ಸಮಾಧಾನವೂ ಆಗಿತ್ತು. ಮೇಸ್ತ್ರಿ ಆ ಹೆಸರನ್ನು ಓದಿ, ತುಸು ತಡೆದು, ಕಾಗದವನ್ನು ತಿರುಗಿಸಿ ನೋಡಿ, ಕಂಪ್ಯೂಟರಿನಲ್ಲಿ ಬಂದದ್ದಲ್ಲವೇ ಎಂದುಕೊಂಡು ಕೊಡೆಯನ್ನು ಕೊಟ್ಟೇಬಿಟ್ಟರು. ಕೊಡೆ ಸಿಕ್ಕಿದ್ದು ಮೂಟೆ ಹೊರುವ ಒಬ್ಬಾತನಿಗೆ. ಆತ ಇಡೀ ಮೇ ತಿಂಗಳಲ್ಲಿ ಕಾರ್ಖಾನೆಯ ಕಡೆಗೆ ತಲೆ ಹಾಕಿರಲಿಲ್ಲ. ಹಳೆಯ ಬಾಕಿ ಏನಾದರೂ ಇದೆಯೇ ಎಂದು ವಿಚಾರಿಸಲು ಅಂದು ಬಂದಿದ್ದ.

ಸ್ವಲ್ಪ ಹೊತ್ತಿಗೆಲ್ಲ ಕಟ್ಟಿಂಗ್ ವಿಭಾಗದ ಬಾಯಮ್ಮನೊಬ್ಬರು, ತಂತ್ರಾಂಶವು ಹಿಂದೆ ‘ಡಿ’ ಎಂದು ನಿಂತಿದ್ದುದು ಅವರ ಹೆಸರಿನಲ್ಲಿಯೇ, ಸಂಬಳದ ಚೀಟಿ ಹಿಡಿದು ಕಚೇರಿಯ ಬಾಗಿಲಿಗೆ ಬಂದರು. ಚೀಟಿಯಲ್ಲಿ ಕೂಲಿ ಸರಿಯಾಗಿತ್ತು. ಗೈರುಹಾಜರಿ ಎಂಬಲ್ಲಿ ಮಾತ್ರ 26 ದಿನ ಎಂದಿತ್ತು.

“ರೈಟ್ರೇ, ನಾನು ಈ ತಿಂಗಳು ಕೆಲಸಕ್ಕೆ ಬರ್ಲೇ ಇಲ್ಲಂತೆ ಅಲ್ವಾ? ಹಾಗಾದ್ರೆ ನನ್ನ ಜಾಗದಲ್ಲಿ ಕೂತು ಬೀಜ ಕಟ್ ಮಾಡಿದ್ದು ಯಾರು, ಭೂತವಾ?”

ಹುಡುಕಿದಾಗ ಕಂಡದ್ದಿಷ್ಟು. ಎರಡೂ ತಂತ್ರಾಂಶಗಳಲ್ಲಿ ‘ಡೇಸ್’ ಎಂಬ ಒಂದೊಂದು ಕಾಲಮಿದೆ. ಲೆಕ್ಕದ ತಂತ್ರಾಂಶಕ್ಕೆ ಅದು ಕೆಲಸಕ್ಕೆ ಬಂದ ದಿನಗಳು. ಸಂಬಳದ ತಂತ್ರಾಂಶವನ್ನು ಕಟ್ಟಿದವರು ಪಿ.ಎಫ್. ಕಡತವನ್ನು ಎದುರಿಗಿಟ್ಟುಕೊಂಡು ಕಟ್ಟಿದ್ದರು. ಆ ಕಡತ ಕೇಳುವುದು ಎನ್.ಸಿ.ಪಿ. ದಿನಗಳನ್ನು, ಅಂದರೆ ವೇತನವಿಲ್ಲದೆ ಗೈರಾದ ದಿನಗಳನ್ನು. ಹೀಗೆ ಬಂದವರೆಲ್ಲ ಬಂದಷ್ಟೂ ದಿನ ಬಾರದವರಾಗಿ, ಒಂದು ದಿನವೂ ಬಾರದವನು ಒಂದು ದಿನವೂ ತಪ್ಪಿಸದವನಾದನು. ನಮ್ಮಲ್ಲಿ ಕೂಲಿಯು ಕಿಲೋ ಮತ್ತು ಮೂಟೆಯ ಲೆಕ್ಕದಲ್ಲಿ ನಡೆಯುವುದರಿಂದ ಹಣದಲ್ಲಿ ಒಂದು ರೂಪಾಯಿಯೂ ಆಚೀಚೆ ಆಗಿರಲಿಲ್ಲ. ಆಡಿಟರು ಹೇಳಿಕೊಟ್ಟಂತೆ ಎರಡೂ ಕಡೆಯ ಮೊತ್ತಗಳನ್ನು ತಾಳೆ ನೋಡಿಯೂ ಆಗಿತ್ತು; ದಿನಗಳ ಮೊತ್ತವಂತೂ ಅಚ್ಚುಕಟ್ಟಾಗಿ ತಾಳೆಯಾಗಿತ್ತು. ಫೋನಿನಲ್ಲಿ ಸಿಕ್ಕ ಸಂಬಳದ ತಂತ್ರಾಂಶದ ಯುವಕ, ಕೊಟ್ಟದ್ದನ್ನು ತಮ್ಮ ತಂತ್ರಾಂಶ ಸರಿಯಾಗಿಯೇ ತೆಗೆದುಕೊಂಡಿದೆ ಎಂದ. ಲೆಕ್ಕದ ತಂತ್ರಾಂಶದವನು, ತಮ್ಮದು ಸರಿಯಾಗಿಯೇ ಕೊಟ್ಟಿದೆ ಎಂದ. ಇಬ್ಬರ ಮಾತೂ ನಿಜವಾಗಿದ್ದರಿಂದ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಪುಣ್ಯಕ್ಕೆ 15ನೇ ತಾರೀಖು ಇನ್ನೂ ಬಂದಿರಲಿಲ್ಲ. ಎನ್.ಸಿ.ಪಿ. ದಿನಗಳು ಪಿಂಚಣಿಯ ಸೇವಾವಧಿಯಿಂದ ಕಳೆದುಹೋಗುವಂಥವು. ಹಾಗೆಯೇ ಕಳುಹಿಸಿದ್ದರೆ ಬಾಯಮ್ಮ ನಿವೃತ್ತರಾಗುವ ಕಾಲಕ್ಕೆ ಆ ಭೂತದ ಪ್ರಶ್ನೆಯನ್ನು ಪಿ.ಎಫ್. ಕಚೇರಿಯಲ್ಲಿ ಕೇಳಬೇಕಾಗುತ್ತಿತ್ತು. ತಿಂಗಳ ಒಟ್ಟು ಕೆಲಸದ ದಿನಗಳಿಂದ ಬಂದ ದಿನಗಳನ್ನು ಕಳೆಯುವ ಒಂದು ಸೂತ್ರವನ್ನು ಎಕ್ಸೆಲ್‌ನಲ್ಲಿ ಬರೆದು, ಕಡತವನ್ನು ಮತ್ತೆ ದಾಟಿಸಿ, ಚೀಟಿಗಳನ್ನು ಹೊಸದಾಗಿ ಮುದ್ರಿಸಿ, ನಿಜವಾಗಿ ಬಂದವರಿಗೆಲ್ಲ ಕೊಡೆ ಕೊಡಿಸಲಾಯಿತು. ಧನಿಗಳ ಸಮಾಧಾನ ಅಲ್ಲಿಗೆ ಮುಗಿಯಿತು.

ಉಳಿದದ್ದು ಆ ಮೊದಲ ಕೊಡೆ. ದಾಸ್ತಾನಿನ ಲೆಕ್ಕಕ್ಕೆ ಅದು ಬೇಕೆಂದು ಮೇಸ್ತ್ರಿ ಹೋಗಿ ಕೇಳಿದರಂತೆ. ಮೂಟೆ ಹೊರುವಾತ ಅದನ್ನು ಬಿಡಿಸಿ ಹಿಡಿದುಕೊಂಡೇ ಉತ್ತರ ಕೊಟ್ಟನಂತೆ: “ನಾನು ಕೇಳಿದ್ದೇನಾ ಮಾರಾಯ್ರೆ? ಕಂಪ್ಯೂಟರ್ ಕೊಟ್ಟದ್ದಲ್ವಾ? ಅದೇ ಬಂದು ಕೇಳ್ಲಿ, ಕೊಡ್ತೇನೆ.”